ಬಾಸ್ ಮೀನಿಗೆ ನಾಜೂಕು ಗಾಳ: ನಿಮ್ಮ ಕೈ ಹಿಡಿದ ಪುಟ್ಟ ಲೂರ್ ಯಾವುದು?

ಹಳೇ ಗಾಳ, ಜಾಲಹಳ್ಳಿ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಮೊದಲ ವಾರ ಅಟ್ಲಾಂಟಾದಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ. ಮೂರು ತಿಂಗಳು ಅಲ್ಲೇ ಇರುತ್ತೇನೆ. ಲೇನಿಯರ್ ಸರೋವರ ಅವರ ಮನೆಗೆ ಹತ್ತಿರ. ಅಳಿಯಂದಿರು ವಾರಕ್ಕೊಮ್ಮೆ ದೋಣಿ ಬಾಡಿಗೆಗೆ ತೆಗೆದುಕೊಳ್ಳೋಣ ಎಂದಿದ್ದಾರೆ. ಜೊತೆಗೆ ಒಂದು ಮಾತನ್ನೂ ಹೇಳಿದ್ದಾರೆ: "ಮಾವ, ಇಲ್ಲಿನ ಬಾಸ್ ಮೀನು ದೊಡ್ಡ ಲೂರ್, ಅಂದರೆ ಹುಸಿ ಎರೆ, ಕಂಡರೆ ಮುಖ ತಿರುಗಿಸುತ್ತದೆ. ಫಿನೆಸ್, ಅದೇ ನಾಜೂಕು ಗಾಳ, ಕಲಿತುಕೊಂಡು ಬನ್ನಿ."

ನನಗೆ ಬರುವುದೆಲ್ಲ ಹೆಸರಘಟ್ಟದ ವಿದ್ಯೆ. ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು 1894ರಲ್ಲಿ ಕಟ್ಟಿದ ಆ ಕೆರೆ ತುಂಬಿರುತ್ತಿದ್ದ ವರ್ಷಗಳಲ್ಲಿ ಬಿದಿರಿನ ಕೋಲು, ನವಿಲುಗರಿ ಕಡ್ಡಿಯ ಬೆಂಡು, ಎರೆಹುಳು, ಇಲ್ಲವೇ ರಾಗಿ ಹಿಟ್ಟಿನ ಉಂಡೆ. ಬೆಂಡು ಮುಳುಗಿದ ಕೂಡಲೇ ಕೋಲನ್ನು ಎತ್ತಿ ಎಳೆಯುವುದು. ನಲವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದೆ, ನಡುವೆ ಗಾಳ ಕೈಬಿಟ್ಟುಹೋಯಿತು. ಈಗ ಮತ್ತೆ ಹಿಡಿಯುವ ಆಸೆ ಬಂದಿದೆ.

ನಿನ್ನೆ ಅಂಗಡಿಗೆ ಹೋಗಿ ನೋಡಿದೆ. ಬೆರಳುದ್ದದ ರಬ್ಬರ್ ಹುಳುಗಳು ಗೋಡೆ ತುಂಬ ತೂಗುತ್ತಿದ್ದವು. ಯಾವುದನ್ನು ಕೊಳ್ಳಲಿ, ಯಾವುದನ್ನು ಬಿಡಲಿ? ಒಂದೇ ಒಂದನ್ನು ಚೆನ್ನಾಗಿ ಕಲಿಯಬೇಕೆಂದರೆ ನೀವು ಯಾವುದನ್ನು ಹೇಳುತ್ತೀರಿ?

ನಿಧಾನ, ಜಯನಗರ

ಸರ್, ಡ್ರಾಪ್ ಶಾಟ್. ನಾಲ್ಕು ವರ್ಷ ಅಲ್ಲಿ ಕೆಲಸದಲ್ಲಿದ್ದಾಗ ನನ್ನ ಭಾನುವಾರಗಳೆಲ್ಲ ಅಂಥದೇ ಸರೋವರಗಳ ಮೇಲೆ ಕಳೆದಿವೆ. ನೀವು ಹೋಗುವ ನೀರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಲೇನಿಯರ್ ಎಂದರೆ ಚಟ್ಟಹೂಚಿ ನದಿಗೆ 1950ರ ದಶಕದಲ್ಲಿ ಅಣೆಕಟ್ಟು ಕಟ್ಟಿದ್ದರಿಂದ ಆದ ಸರೋವರ. ನೀರು ತಿಳಿ, ಆಳ ಹೆಚ್ಚು. ಅಲ್ಲಿನ ಹೆಸರುವಾಸಿ ಮೀನು ಸ್ಪಾಟೆಡ್ ಬಾಸ್. ಲಾರ್ಜ್‌ಮೌತ್ ಎಂಬ ಇನ್ನೊಂದು ಬಾಸ್ ಕೂಡ ಇದೆ, ಆದರೆ ಅದು ಹೆಚ್ಚಾಗಿ ಹಿನ್ನೀರಿನ ಸಂದುಗಳಲ್ಲಿ ಸಿಗುತ್ತದೆ. ರಜಾ ದಿನಗಳಲ್ಲಿ ದೋಣಿಗಳ ಜಾತ್ರೆ. ಮೀನುಗಳು ದಿನವೂ ನೂರಾರು ಲೂರ್ ನೋಡಿರುತ್ತವೆ. ತಿಳಿನೀರಿನಲ್ಲಿ ದಪ್ಪ ದಾರವನ್ನೂ ಜೋರಾಗಿ ಓಡುವ ಲೂರನ್ನೂ ಅವು ದೂರದಿಂದಲೇ ಗುರುತಿಸುತ್ತವೆ. ತೆಳು ದಾರ, ಪುಟ್ಟ ಹುಳು, ಕಡಿಮೆ ಚಲನೆ ಇವು ಮೂರೂ ಬೇಕಾಗುವುದು ಅದಕ್ಕೇ. ನೀವು ಇಳಿಯುವ ಹೊತ್ತಿಗೆ ಮೊಟ್ಟೆ ಇಡುವ ಕಾಲ ಬಹುಮಟ್ಟಿಗೆ ಮುಗಿದಿರುತ್ತದೆ. ಜೂನ್ ಬಂತೆಂದರೆ ಸ್ಪಾಟೆಡ್ ಬಾಸ್ ಆಳಕ್ಕೆ ಇಳಿದು ಮುಳುಗಿದ ಮರಗಳ, ಕೊಂಬೆ ರಾಶಿಗಳ ಮೇಲೆ ಗುಂಪುಗೂಡುತ್ತದೆ.

ಡ್ರಾಪ್ ಶಾಟ್‌ನಲ್ಲಿ ಸೀಸ ಕೆಳಗೆ, ಕೊಕ್ಕೆ ಮೇಲೆ. ನಮ್ಮ ಗಾಳಕ್ಕೆ ತಲೆಕೆಳಗು. ದಾರದ ತುದಿಯಲ್ಲಿ ಏಳು ಗ್ರಾಂ ಸೀಸ ಅಥವಾ ಟಂಗ್‌ಸ್ಟನ್, ಅದರ ಮೇಲೆ ಒಂದು ಗೇಣಿನಿಂದ ಒಂದು ಮೊಳದವರೆಗಿನ ಎತ್ತರದಲ್ಲಿ ಒಂದನೇ ನಂಬರಿನ ಸಣ್ಣ ಕೊಕ್ಕೆ. ನಾಲ್ಕು ಇಂಚಿನ ನೇರ ಬಾಲದ ಹುಳುವಿನ ಮೂಗಿನ ತುದಿಯನ್ನಷ್ಟೇ ಚುಚ್ಚಬೇಕು. ಸೀಸ ತಳದಲ್ಲಿ ಕುಳಿತರೂ ಹುಳು ಕೆಸರಿಗೆ ತಾಗದೆ ಮೀನಿನ ಕಣ್ಣಿನ ಮಟ್ಟದಲ್ಲಿ ತೇಲುತ್ತಿರುತ್ತದೆ. ಒಂದೇ ಜಾಗದಲ್ಲಿ ಎಷ್ಟು ಹೊತ್ತು ಬೇಕಾದರೂ ಹಿಡಿದಿಡಬಹುದು. ಮೀನುಗಾರರ ದಟ್ಟಣೆಯಿಂದ ಮೀನು ಹುಷಾರಾದ ಜಪಾನಿನ ನೀರಿನಲ್ಲಿ ಪಳಗಿದ ವಿದ್ಯೆ ಇದು. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಹರಡಿತು.

ಇದರ ಗುಟ್ಟೆಲ್ಲ ಸಡಿಲ ದಾರದಲ್ಲಿದೆ. ಸೀಸ ತಳ ಮುಟ್ಟಿದ ಮೇಲೆ ದಾರವನ್ನು ಬಿಗಿ ಹಿಡಿಯಬೇಡಿ. ಒಂದಿಷ್ಟು ಜೋಲು ಬಿಡಿ. ಆ ಜೋಲನ್ನು ಮಾತ್ರ ರಾಡಿನ ತುದಿಯಿಂದ ನಡುಗಿಸಿ. ಸೀಸ ಕದಲಬಾರದು, ಹುಳು ಮಾತ್ರ ಮಿಡಿಯಬೇಕು. ಹತ್ತೆಣಿಸುವಷ್ಟು ಹೊತ್ತು ನಡುಗಿಸಿ, ಆಮೇಲೆ ಸುಮ್ಮನಿರಿ. ಹೆಚ್ಚಿನ ಮೀನು ಕಚ್ಚುವುದು ಈ ಸುಮ್ಮನಿರುವ ಹೊತ್ತಿನಲ್ಲೇ.

ಮಿಂಚುಳ್ಳಿ, ಮಲ್ಲೇಶ್ವರ

ನಿಧಾನ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಕಲಿಯುವವರಿಗೆ ಮೊದಲ ಪಾಠವಾಗಿ ಅದನ್ನು ಕೊಡಲು ಒಪ್ಪುವುದಿಲ್ಲ. ಆಳದಲ್ಲಿ ಸೀಸ ಕದಲಿತೋ ಹುಳು ಕದಲಿತೋ ಎಂದು ಕೈಗೆ ತಿಳಿಯಲು ದಿನಗಳು ಬೇಕು. ಸರ್ ಅವರಿಗೆ ವಾರಕ್ಕೆ ಒಂದು ದಿನ. ಅವರು ನೆಡ್ ರಿಗ್‌ನಿಂದ ಆರಂಭಿಸಲಿ. ರಿಗ್ ಎಂದರೆ ಕೊಕ್ಕೆ, ಸೀಸ, ಹುಳುಗಳನ್ನು ಜೋಡಿಸುವ ಬಗೆ.

ಕಾನ್ಸಸ್ ರಾಜ್ಯದ ಮೀನುಗಾರಿಕೆ ಬರಹಗಾರ ನೆಡ್ ಕೆಹ್ಡಿಯವರ ಹೆಸರೇ ಈ ರಿಗ್‌ಗೆ ಬಂದಿದೆ. ಅಣಬೆಯಾಕಾರದ ಪುಟ್ಟ ಸೀಸದ ತಲೆಗೆ ಎರಡೂ ಮುಕ್ಕಾಲು ಇಂಚಿನ ಮೊಂಡು ಹುಳು. ತೂಕ ಒಂದೂ ಮುಕ್ಕಾಲರಿಂದ ಮೂರು ಗ್ರಾಂ, ಅಂದರೆ ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಹಗುರ. ನೋಡಿದರೆ ತುಂಡಾದ ಬಳಪದ ಹಾಗಿದೆ. ಇದನ್ನು ಮೀನು ಯಾಕೆ ಕಚ್ಚೀತು ಎಂದು ನನಗೂ ಅನಿಸಿತ್ತು.

ಉತ್ತರ ಸಿಕ್ಕಿದ್ದು ನಮ್ಮ ಮನೆಯ ಅಕ್ವೇರಿಯಂನಲ್ಲಿ. ಮೀನುಗಳನ್ನು ಬಕೆಟ್ಟಿಗೆ ತೆಗೆದು, ಎರಡು ಹುಳುಗಳನ್ನು ಒಂದೇ ತೂಕದ ಅಣಬೆ ತಲೆಗೆ ಚುಚ್ಚಿ ಇಳಿಬಿಟ್ಟೆ. ಮಾಮೂಲಿ ಪಿವಿಸಿ ಹುಳು ತಳ ಮುಟ್ಟಿದ ಕೂಡಲೇ ಅಡ್ಡ ಮಲಗಿತು. ಝೀಮ್ಯಾನ್ ಕಂಪನಿಯವರ ಇಲಾಝ್‌ಟೆಕ್ ಎಂಬ ವಸ್ತುವಿನ ಹುಳು ಮಲಗಲಿಲ್ಲ. ಆ ವಸ್ತು ನೀರಿಗಿಂತ ಹಗುರ. ತಲೆ ನೆಲಕ್ಕೆ, ಬಾಲ ಮೇಲಕ್ಕೆ ಮಾಡಿ ಎದ್ದು ನಿಂತಿತು. ನಾನು ದಾರ ಮುಟ್ಟಿಯೇ ಇರಲಿಲ್ಲ, ಫಿಲ್ಟರಿನಿಂದ ಬರುವ ಅಷ್ಟು ಸಣ್ಣ ಸೆಳವಿಗೇ ಬಾಲ ತೂಗಾಡುತ್ತಿತ್ತು. ಕೆಸರಲ್ಲಿ ಮೂತಿ ಹುದುಗಿಸಿ ಮೇಯುವ ಸಣ್ಣ ಜೀವಿ ಹಾಗೆಯೇ ಕಾಣುವುದು. ಅರ್ಧ ಗಂಟೆ ಗಾಜಿನ ಮುಂದಿನಿಂದ ಏಳಲಿಲ್ಲ ನಾನು.

ಹಾಗಾಗಿ ನೆಡ್ ರಿಗ್‌ಗೆ ನಮ್ಮ ಕೈಚಳಕ ಬಹಳ ಬೇಕಿಲ್ಲ. ಎಸೆಯಿರಿ, ತಳ ಮುಟ್ಟುವ ತನಕ ಕಾಯಿರಿ, ಒಂದು ಗೇಣು ಎಳೆಯಿರಿ, ಬಿಡಿ. ಅಷ್ಟೇ.

ಎರಡು ಎಚ್ಚರಿಕೆ. ಇಲಾಝ್‌ಟೆಕ್ ಹುಳುವನ್ನು ಬೇರೆ ಪ್ಲಾಸ್ಟಿಕ್ ಹುಳುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಎರಡೂ ಕರಗಿ ಒಂದಕ್ಕೊಂದು ಅಂಟಿಕೊಂಡು ಬೆಲ್ಲದ ಪಾಕದಂತೆ ಆಗುತ್ತವೆ. ನನ್ನ ಒಂದು ಡಬ್ಬಿ ಹಾಗೇ ಹಾಳಾಯಿತು. ಬಂದ ಚೀಲದಲ್ಲೇ ಇಟ್ಟುಕೊಳ್ಳಿ. ಮತ್ತೆ, ಹುಳು ತಲೆಯಿಂದ ಜಾರದಂತೆ ಒಂದು ಹನಿ ಫೆವಿಕ್ವಿಕ್ ಹಚ್ಚಿ. ಒಂದೇ ಹುಳುವಿನಲ್ಲಿ ಹತ್ತಾರು ಮೀನು ಹಿಡಿಯಬಹುದು, ಅಷ್ಟು ಗಟ್ಟಿ ಅದು.

ನಿಧಾನ, ಜಯನಗರ

ಮೇಡಂ, ಮೇ ತಿಂಗಳಿಗೆ ನಿಮ್ಮದೇ ಸರಿ. ದಡದ ಕಲ್ಲುಬಂಡೆಗಳ ಬಳಿ, ಎರಡು ಮೂರು ಮೀಟರ್ ನೀರಿನಲ್ಲಿ ನೆಡ್ ರಿಗ್ ತಪ್ಪುವುದಿಲ್ಲ. ಆದರೆ ಜುಲೈನಲ್ಲಿ ಎಂಟು ಮೀಟರ್ ಕೆಳಗಿನ ಕೊಂಬೆ ರಾಶಿಗೆ ಎರಡು ಗ್ರಾಂ ತಲೆ ಇಳಿಯುವಷ್ಟರಲ್ಲಿ ಗಾಳಿ ದೋಣಿಯನ್ನು ಆಚೆ ದೂಡಿರುತ್ತದೆ. ಮೇಲಾಗಿ ನೆಡ್ ರಿಗ್‌ನ ಕೊಕ್ಕೆ ತೆರೆದೇ ಇರುತ್ತದೆ, ಕೊಂಬೆಗೆ ಸಿಕ್ಕಿದರೆ ದಾರ ಕತ್ತರಿಸುವುದೇ ದಾರಿ. ಸರ್ ಎರಡನ್ನೂ ಕಲಿಯಲಿ.

ವಿಜಯನಗರದ ಹುಡುಗ, ಸದ್ಯ ಅಟ್ಲಾಂಟಾ

ಅಂಕಲ್, ನಮ್ಮೂರಿಗೆ ಸ್ವಾಗತ. ಹತ್ತು ವರ್ಷದಿಂದ ಲೇನಿಯರ್‌ನಲ್ಲಿ ಗಾಳ ಹಾಕುತ್ತಿದ್ದೇನೆ. ನನ್ನದು ಮೂರನೆಯ ಮತ: ವಾಕಿ ರಿಗ್.

ಐದು ಇಂಚಿನ ಸೆಂಕೋ ಹುಳು. ಲೂರ್ ತಯಾರಕ ಗ್ಯಾರಿ ಯಾಮಾಮೊಟೊ 1990ರ ದಶಕದಲ್ಲಿ ತಂದದ್ದು. ನೋಡಲು ಊದಿನಕಡ್ಡಿಯಷ್ಟೇ ಸಪ್ಪೆ. ಆದರೆ ಮೈಯಲ್ಲಿ ಉಪ್ಪು ತುಂಬಿರುವುದರಿಂದ ಸೀಸವಿಲ್ಲದೆಯೇ ಮುಳುಗುತ್ತದೆ. ಸರಿಯಾಗಿ ನಡುವಿಗೆ ಕೊಕ್ಕೆ ಚುಚ್ಚಿ ಬಿಟ್ಟರೆ ಎರಡು ತುದಿಗಳನ್ನೂ ನಡುಗಿಸುತ್ತ ಅಡ್ಡಡ್ಡಲಾಗಿ ಇಳಿಯುತ್ತದೆ. ದೋಣಿ ಕಟ್ಟುವ ಅಟ್ಟಣೆಗಳ ನೆರಳಿನಲ್ಲಿ ಬೆಳಗಿನ ಮೊದಲ ಗಂಟೆ ಇದಕ್ಕೆ ಸಾಟಿ ಇಲ್ಲ. ಮಾಡಬೇಕಾದದ್ದು ಒಂದೇ: ಇಳಿಯುವಾಗ ತಡೆಯದಿರುವುದು. ದಾರ ನೋಡುತ್ತಿರಿ. ಇಳಿಯುತ್ತಿದ್ದ ದಾರ ತಟ್ಟನೆ ನಿಂತರೆ, ಅಥವಾ ಪಕ್ಕಕ್ಕೆ ಸರಿದರೆ, ಮೀನು ಬಾಯಿಗೆ ಹಾಕಿಕೊಂಡಿದೆ.

ಹುಳುವಿಗೆ ನೇರವಾಗಿ ಚುಚ್ಚಿದರೆ ಎರಡು ಮೀನಿಗೆ ಹರಿದುಹೋಗುತ್ತದೆ. ನಡುವಿಗೆ ರಬ್ಬರಿನ ಓ-ರಿಂಗ್ ಹಾಕಿ ಅದರ ಕೆಳಗೆ ಕೊಕ್ಕೆ ತೂರಿಸಿ. ಆ ರಿಂಗನ್ನು ಇಲ್ಲಿ ಕೊಳ್ಳಬೇಡಿ, ಎಸ್.ಜೆ.ಪಿ. ರಸ್ತೆಯಲ್ಲಿ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಒಂದು ಹಿಡಿ ತನ್ನಿ. ಹುಳುವಿನ ಸುತ್ತ ಬಿಗಿಯಾಗಿ ಕೂರುವ ಅಳತೆಯದಾಗಿರಲಿ. ಊರಿಗೆ ಬಂದಾಗಲೆಲ್ಲ ನಾನು ತರುವುದು ಅಲ್ಲಿಂದಲೇ.

ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ ಹದಿನಾರು ವರ್ಷ ತುಂಬಿದವರಿಗೆ ಮೀನು ಹಿಡಿಯಲು ಪರವಾನಗಿ ಕಡ್ಡಾಯ. ಹೊರಗಿನವರಿಗೆ ಕಡಿಮೆ ಅವಧಿಯದೂ ಸಿಗುತ್ತದೆ. ಮೊಬೈಲ್‌ನಲ್ಲೇ ತೆಗೆದುಕೊಂಡು, ಅಳತೆ ಮತ್ತು ಸಂಖ್ಯೆಯ ನಿಯಮಗಳನ್ನು ಓದಿ ದೋಣಿ ಹತ್ತಿ.

ಹಳೇ ಗಾಳ, ಜಾಲಹಳ್ಳಿ

ಮೂವರಿಗೂ ಧನ್ಯವಾದ. ರಾಡು ಮತ್ತು ದಾರ ಹೇಗಿರಬೇಕು? ಅಂಗಡಿಯವರು ಇಪ್ಪತ್ತು ಪೌಂಡ್ ಭಾರ ತಡೆಯುವ ದಾರ ಕೊಡಲು ಬಂದಿದ್ದರು.

ನಿಧಾನ, ಜಯನಗರ

ಬೇಡ ಸರ್. ಏಳು ಅಡಿಯ ಮೀಡಿಯಂ ಲೈಟ್ ಸ್ಪಿನ್ನಿಂಗ್ ರಾಡು, ತುದಿ ಬೇಗ ಬಾಗುವಂಥದ್ದು. 2500 ಅಳತೆಯ ರೀಲು. ರೀಲಿಗೆ ಹತ್ತು ಪೌಂಡಿನ ಬ್ರೇಡ್, ಅಂದರೆ ಎಳೆ ಹೆಣೆದ ದಾರ, ಅದರ ತುದಿಗೆ ಎರಡು ಮಾರಿನಷ್ಟು ಆರರಿಂದ ಎಂಟು ಪೌಂಡಿನ ಫ್ಲೂರೋಕಾರ್ಬನ್ ದಾರ. ಬ್ರೇಡ್ ಹಿಗ್ಗುವುದಿಲ್ಲ, ಹಾಗಾಗಿ ಸಣ್ಣ ಮಿಡಿತವೂ ಕೈಗೆ ಬರುತ್ತದೆ. ಫ್ಲೂರೋಕಾರ್ಬನ್ ನೀರಿನಲ್ಲಿ ಮೀನಿನ ಕಣ್ಣಿಗೆ ಬೀಳುವುದು ಕಡಿಮೆ. ಎರಡನ್ನು ಬೆಸೆಯುವ ಗಂಟು ಸರಿಯಾಗಿರಬೇಕು. ರಾಡು ಎರಡು ಮೂರು ತುಂಡಾಗುವಂಥದ್ದಾದರೆ ಪ್ರಯಾಣಕ್ಕೆ ಸುಲಭ. ಕೊಕ್ಕೆ, ಸೀಸ ಎಲ್ಲವನ್ನೂ ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲೇ ಇಡಿ, ಕೈಚೀಲದಲ್ಲಿ ಬೇಡ.

ಮುಖ್ಯವಾದ ಇನ್ನೊಂದು ಮಾತು. ಹೆಸರಘಟ್ಟದಲ್ಲಿ ಎತ್ತಿ ಎಳೆಯುತ್ತಿದ್ದ ಆ ಅಭ್ಯಾಸವನ್ನು ದಯವಿಟ್ಟು ಇಲ್ಲೇ ಬಿಟ್ಟು ಹೋಗಿ. ತೆಳು ತಂತಿಯ ಕೊಕ್ಕೆ, ಆರು ಪೌಂಡ್ ದಾರ. ಜೋರಾಗಿ ಎಳೆದರೆ ದಾರ ಹರಿಯುತ್ತದೆ ಇಲ್ಲವೇ ಮೀನಿನ ತುಟಿ ಹರಿಯುತ್ತದೆ. ಭಾರ ಅನಿಸಿದ ಕೂಡಲೇ ರೀಲು ಸುತ್ತಿ ಜೋಲು ತೆಗೆದು, ರಾಡನ್ನು ಪಕ್ಕಕ್ಕೆ ಮೆಲ್ಲಗೆ ಒರಗಿಸಿ. ಕೊಕ್ಕೆ ತಾನಾಗಿ ನಾಟುತ್ತದೆ.

ಕೊರವದ ಬೆನ್ನು ಹತ್ತಿದವ, ಕೆಂಗೇರಿ

ಅಮೆರಿಕಕ್ಕೆ ಹೋಗದ ನಮ್ಮಂಥವರಿಗೂ ಇದರಿಂದ ಉಪಯೋಗ ಉಂಟೇ? ನಾನು ಕೊರವ ಮೀನಿಗೆ ಕಪ್ಪೆ ಲೂರ್ ಬಿಟ್ಟು ಬೇರೇನೂ ಎಸೆದವನಲ್ಲ.

ಮಿಂಚುಳ್ಳಿ, ಮಲ್ಲೇಶ್ವರ

ಇದೆ ಅಣ್ಣ. ಹಣ ಕೊಟ್ಟು ಗಾಳ ಹಾಕುವ ಖಾಸಗಿ ಕೊಳವೊಂದರಲ್ಲಿ ಕಳೆದ ವರ್ಷ ನೋಡಿದೆ. ಬಿಸಿಲೇರಿದ ಮೇಲೆ ಕೊರವ ಕಪ್ಪೆಯನ್ನು ಹಿಂಬಾಲಿಸಿ ಬರುತ್ತಿತ್ತು, ಕಚ್ಚುತ್ತಿರಲಿಲ್ಲ. ಅದೇ ಜಾಗಕ್ಕೆ ಸೀಸವಿಲ್ಲದ ನಾಲ್ಕು ಇಂಚಿನ ಹುಳುವನ್ನು, ಕೊಕ್ಕೆಯ ಮೊನೆ ಹುಳುವಿನ ಮೈಯೊಳಗೆ ಅಡಗುವಂತೆ ಚುಚ್ಚಿ, ಜೊಂಡಿನ ಅಂಚಿನಲ್ಲಿ ಸುಮ್ಮನೆ ಇಳಿಯಲು ಬಿಟ್ಟೆ. ಎರಡನೇ ಸಲಕ್ಕೆ ಕಚ್ಚಿತು. ಆದರೆ ಅಲ್ಲಿ ಆರು ಪೌಂಡ್ ದಾರ ಸಾಲದು. ಜೊಂಡಿನೊಳಗೆ ನುಗ್ಗುವ ಮೀನಿಗೆ ಗಟ್ಟಿ ಬ್ರೇಡ್ ಬೇಕು. ವಿಧಾನವನ್ನು ತನ್ನಿ, ದಾರವನ್ನು ತರಬೇಡಿ.

ಸರ್ ಅವರಿಗೂ ಇದೇ ಸಂದರ್ಭದಲ್ಲಿ ಒಂದು ಮಾತು. ಬಾಸ್ ಮೀನನ್ನು ಕೆಳದವಡೆಗೆ ಹೆಬ್ಬೆರಳು ಹಾಕಿ ಹಿಡಿಯುತ್ತಾರೆ, ಅದರ ಹಲ್ಲು ಮರಳು ಕಾಗದದಷ್ಟೇ ಒರಟು. ಅದೇ ರೂಢಿಯಾಗಿ ಇಲ್ಲಿ ಬಂದು ಕೊರವದ ಬಾಯಿಗೆ ಬೆರಳು ಹಾಕಿದರೆ ರಕ್ತ ಬರುತ್ತದೆ.

ಹೊಸಬ, ಯಲಹಂಕ

ಇಷ್ಟು ಚೆಂದದ ಆಟ ಕೊಡುವ ಮೀನನ್ನು ನಮ್ಮ ಕೆರೆಗಳಿಗೇ ತಂದು ಬಿಡಬಾರದೇಕೆ? ಬೆಂಗಳೂರಿನ ಹವೆ ಅದಕ್ಕೆ ಒಗ್ಗೀತು. ಯಾರಾದರೂ ಮರಿ ತರಿಸಲು ಆಗುತ್ತದೆಯೇ?

ನಿಧಾನ, ಜಯನಗರ

ಬೇಡ. ದಯವಿಟ್ಟು ಈ ಯೋಚನೆಯನ್ನೇ ಬಿಡಿ. ನಿಮ್ಮ ಉತ್ಸಾಹ ನನಗೆ ಅರ್ಥವಾಗುತ್ತದೆ, ಆದರೂ ಹೇಳುತ್ತೇನೆ.

ಜಪಾನಿನ ಆಶಿ ಸರೋವರಕ್ಕೆ ಲಾರ್ಜ್‌ಮೌತ್ ಬಾಸ್ ತಂದು ಬಿಟ್ಟದ್ದು 1925ರಲ್ಲಿ. ಅಲ್ಲಿಂದ ಅದು ದೇಶದ ತುಂಬ ಹರಡಿತು. ಬಿವಾ ಸರೋವರದಲ್ಲಿ ಬೇರೆಲ್ಲೂ ಇಲ್ಲದ ಮೀನುಗಳಿದ್ದವು, ಬಾಸ್ ಅವನ್ನು ನುಂಗುತ್ತ ಬೆಳೆಯಿತು. 2009ರಲ್ಲಿ ಅದೇ ಬಿವಾದಲ್ಲಿ ಸಿಕ್ಕ ಬಾಸ್ ಹತ್ತು ಕಿಲೋ ದಾಟಿ, ಅಮೆರಿಕದಲ್ಲಿ 1932ರಿಂದ ಉಳಿದುಕೊಂಡಿದ್ದ ವಿಶ್ವದಾಖಲೆಗೆ ಸಮನಾಯಿತು. ಗಾಳ ಹಾಕುವವರಿಗೆ ಅದು ಹಬ್ಬ. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲೇ, 2005ರಲ್ಲಿ, ಜಪಾನ್ ಸರ್ಕಾರ ಆ ಮೀನನ್ನು ಹಾನಿಕಾರಕ ಪರಕೀಯ ಜೀವಿ ಎಂದು ಕಾನೂನಿನಲ್ಲಿ ಸೇರಿಸಿ, ಸಾಕುವುದನ್ನೂ ಸಾಗಿಸುವುದನ್ನೂ ನಿಷೇಧಿಸಬೇಕಾಯಿತು.

ಅಷ್ಟು ದೂರ ಏಕೆ? 1952ರಲ್ಲಿ ಭಾರತಕ್ಕೆ ಬಂದ ಜಿಲೇಬಿ ಮೀನು ಇವತ್ತು ಯಾವ ಕೆರೆಯಲ್ಲಿಲ್ಲ? ಸರ್ಕಾರ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಕೆರೆಗಳಲ್ಲಿ ಹೊರಳಾಡುತ್ತಿಲ್ಲವೇ? ಅಕ್ವೇರಿಯಂನಿಂದ ತಂದು ಸುರಿದ ಸಕ್ಕರ್ ಮೀನುಗಳನ್ನು ಬಲೆ ಹಾಕುವವರು ದಿನವೂ ಬೈಯುತ್ತ ದಡಕ್ಕೆ ಎಸೆಯುತ್ತಾರೆ. ಕಾವೇರಿಯ ಕಥೆಯಂತೂ ಹೊಟ್ಟೆ ಉರಿಸುತ್ತದೆ. ಒಳ್ಳೆಯ ಉದ್ದೇಶದಿಂದಲೇ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಹೊಳೆಗೆ ಬಿಟ್ಟರು. ಅವು ಹೆಚ್ಚಿದಂತೆ ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಕಡಿಮೆಯಾಗುತ್ತ ಬಂದು, 2018ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿತು. ಹೊರಗಿನಿಂದ ಬಂದ ಆ ನೀಲಿ ರೆಕ್ಕೆಯದು ನಮ್ಮ ದೇಶದ್ದೇ ಮೀನು, ಪಕ್ಕದ ರಾಜ್ಯದ್ದು. ಹಾಗಿರುವಾಗ ಬಾಸ್‌ನಂಥ ಹೊಟ್ಟೆಬಾಕ ಬಂದರೆ ನಮ್ಮ ಸಣ್ಣ ಪಕ್ಕೆ, ಗೆಂಡೆಗಳ ಗತಿ ಏನು?

ಬಾಸ್ ಅದರ ನೀರಿನಲ್ಲೇ ಇರಲಿ. ಹೋದವರು ಅಲ್ಲೇ ಹಿಡಿದು ಬರಲಿ.

ಹೊಸಬ, ಯಲಹಂಕ

ತಿಳಿಯದೆ ಕೇಳಿದೆ, ಕ್ಷಮಿಸಿ. ಕಾವೇರಿಯ ವಿಷಯ ನನಗೆ ಗೊತ್ತಿರಲಿಲ್ಲ.

ಮಿಂಚುಳ್ಳಿ, ಮಲ್ಲೇಶ್ವರ

ಕೇಳಿದ್ದೇ ಒಳ್ಳೆಯದಾಯಿತು. ನೀವು ಗಾಳ ಹಾಕುವುದಾದರೆ ಕೆರೆಯ ಮೀನು ಹಕ್ಕು ಯಾರದ್ದೆಂದು ಮೊದಲು ವಿಚಾರಿಸಿ. ನಗರದ ಕೆರೆಗಳಲ್ಲಿ ಗುತ್ತಿಗೆ ಇರುತ್ತದೆ, ಕೇಳದೆ ಇಳಿದರೆ ತಕರಾರು.

ಹಳೇ ಗಾಳ, ಜಾಲಹಳ್ಳಿ

ಹೊರಡಲು ಇನ್ನು ಒಂಬತ್ತು ದಿನ. ರಾತ್ರಿ ಊಟವಾದ ಮೇಲೆ ಡ್ರಾಪ್ ಶಾಟ್ ಗಂಟು ಹಾಕಿ ಅಭ್ಯಾಸ ಮಾಡುತ್ತಿದ್ದೇನೆ. ಪಾಲೋಮರ್ ಗಂಟು ಬಂತು. ಆದರೆ ಕೊಕ್ಕೆ ದಾರಕ್ಕೆ ಅಡ್ಡಲಾಗಿ ನಿಲ್ಲುತ್ತಿಲ್ಲ, ಮೊನೆ ಕೆಳಗೆ ಜೋತು ಬೀಳುತ್ತಿದೆ. ಮೂರು ರಾತ್ರಿಯಿಂದ ಹೀಗೇ. ಎಲ್ಲಿ ತಪ್ಪುತ್ತಿದ್ದೇನೆ?

ವಿಜಯನಗರದ ಹುಡುಗ, ಸದ್ಯ ಅಟ್ಲಾಂಟಾ

ಅಂಕಲ್, ಗಂಟು ಸರಿಯಿದೆ, ಕೊನೆಯ ಒಂದು ಹೆಜ್ಜೆ ಬಿಟ್ಟಿದ್ದೀರಿ. ಮೊದಲಿನಿಂದ ಹೇಳುತ್ತೇನೆ. ದಾರವನ್ನು ಎರಡು ಮಡಿಕೆ ಮಾಡಿ ಕೊಕ್ಕೆಯ ಕಣ್ಣಿನೊಳಗೆ ತೂರಿಸಿ. ಸಡಿಲವಾಗಿ ಒಂದು ಗಂಟು ಹಾಕಿ. ಮಡಿಕೆಯ ಕುಣಿಕೆಯೊಳಗೆ ಇಡೀ ಕೊಕ್ಕೆಯನ್ನು ದಾಟಿಸಿ. ಬಾಯಲ್ಲಿ ಒದ್ದೆ ಮಾಡಿ ಮೆಲ್ಲಗೆ ಬಿಗಿಯಿರಿ, ಒಣಗಿದ್ದಾಗ ಬಿಗಿದರೆ ದಾರ ಬಿಸಿಯಾಗಿ ಸೊರಗುತ್ತದೆ. ಈಗ ಕೊಕ್ಕೆಯ ಮೊನೆಯನ್ನು ಮೇಲ್ಮುಖ ಮಾಡಿ ಹಿಡಿದು, ಕೆಳಗೆ ಜೋಲುವ ಉದ್ದ ತುದಿಯನ್ನು ಎತ್ತಿ, ಮೊನೆ ಇರುವ ಬದಿಯಿಂದಲೇ ಕಣ್ಣಿನೊಳಗೆ ಮತ್ತೊಮ್ಮೆ ಕೆಳಕ್ಕೆ ಇಳಿಸಿ. ಎಳೆದಾಗ ಕೊಕ್ಕೆ ತಾನಾಗಿ ಅಡ್ಡ ನಿಲ್ಲುತ್ತದೆ.

ಹಳೇ ಗಾಳ, ಜಾಲಹಳ್ಳಿ

ನಿಂತಿತು! ಹೆಂಡತಿಯನ್ನು ಕರೆದು ತೋರಿಸಿದೆ.

ಅವಳು ಒಂದು ಪ್ರಶ್ನೆ ಕೇಳಿದಳು, ನಿಮ್ಮ ಮುಂದೆ ಇಡುತ್ತೇನೆ. ಹಿಡಿದು ಮತ್ತೆ ನೀರಿಗೆ ಬಿಡುವುದಾದರೆ ಆ ಜೀವಕ್ಕೆ ನೋವು ಕೊಡುವುದೇಕೆ? ನನಗೆ ಉತ್ತರ ಹೊಳೆಯಲಿಲ್ಲ.

ಮಿಂಚುಳ್ಳಿ, ಮಲ್ಲೇಶ್ವರ

ನಮ್ಮ ಮನೆಯಲ್ಲೂ ಈ ಪ್ರಶ್ನೆ ಇದೆ, ಅಮ್ಮ ಇವತ್ತಿಗೂ ಕೇಳುತ್ತಾರೆ. ಅವರು ಒಪ್ಪುವಂಥ ಉತ್ತರ ನನ್ನ ಬಳಿಯೂ ಇಲ್ಲ. ಮೀನಿಗೆ ಏನೂ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ, ಅದು ಸುಳ್ಳು. ನಾನು ಮಾಡುವುದು ಇಷ್ಟು. ಕೊಕ್ಕೆಯ ಮರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡುತ್ತೇನೆ. ಕೈ ಒದ್ದೆ ಮಾಡಿಯೇ ಮುಟ್ಟುತ್ತೇನೆ. ದೊಡ್ಡ ಮೀನನ್ನು ದವಡೆಯಲ್ಲಿ ಮಾತ್ರ ತೂಗಾಡಿಸದೆ ಹೊಟ್ಟೆಗೂ ಕೈ ಕೊಡುತ್ತೇನೆ. ನನ್ನ ಉಸಿರು ಕಟ್ಟಿ ಎಷ್ಟು ಹೊತ್ತು ಇರಬಲ್ಲೆನೋ ಅಷ್ಟರೊಳಗೆ ಅದು ನೀರಿನಲ್ಲಿರಬೇಕು. ಫಿನೆಸ್ ಕೊಕ್ಕೆ ಸಣ್ಣದು, ಗಂಟಲಿಗೆ ಇಳಿಯುವ ಮೊದಲೇ ದಾರ ಗಮನಿಸಿ ಎತ್ತಿದರೆ ತುಟಿಯಲ್ಲೇ ಸಿಕ್ಕಿರುತ್ತದೆ. ಇಳಿದೇಬಿಟ್ಟಿದ್ದರೆ ಕೀಳಬೇಡಿ, ದಾರ ಕತ್ತರಿಸಿ ಬಿಡಿ.

ನಿಧಾನ, ಜಯನಗರ

ಇದಕ್ಕೆ ಒಂದನ್ನು ಸೇರಿಸುತ್ತೇನೆ. ಒಂಬತ್ತು ಹತ್ತು ಮೀಟರ್‌ಗಿಂತ ಆಳದಿಂದ ಎತ್ತಿದ ಬಾಸ್‌ನ ಗಾಳಿಚೀಲ ಉಬ್ಬಿ, ಬಿಟ್ಟರೂ ಕೆಳಗಿಳಿಯಲಾರದೆ ಹೊಟ್ಟೆ ಮೇಲಾಗಿ ತೇಲುತ್ತದೆ. ಬೇಸಿಗೆಯಲ್ಲಿ ಅದು ಸಾಯುತ್ತದೆ. ತೂಕ ಕಟ್ಟಿದ ಚಿಮುಟದಿಂದ ದವಡೆ ಹಿಡಿದು ಕೆಳಗಿಳಿಸುವ ಸಾಧನ ಸಿಗುತ್ತದೆ, ದೋಣಿಯಲ್ಲಿರಲಿ. ಇಲ್ಲದಿದ್ದರೆ ಅಷ್ಟು ಆಳಕ್ಕೆ ಗಾಳ ಇಳಿಸಬೇಡಿ.

ಕೊರವದ ಬೆನ್ನು ಹತ್ತಿದವ, ಕೆಂಗೇರಿ

ಮಿಂಚುಳ್ಳಿ ಮೇಡಂ ಹೇಳಿದ ಸೀಸವಿಲ್ಲದ ಹುಳುವಿಗೆ ಇಂದು ಬೆಳಿಗ್ಗೆ ಒಂದೂಕಾಲು ಕಿಲೋ ಕೊರವ ಕಚ್ಚಿತು. ಕಪ್ಪೆಗೆ ಎರಡು ಸಲ ಬಂದು ಹಿಂದಿರುಗಿದ ಮೀನೇ. ಬೆರಳು ಹಾಕಲಿಲ್ಲ.

ಹಳೇ ಗಾಳ, ಅಟ್ಲಾಂಟಾದಿಂದ

ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ದಡದ ಬಳಿ ನೆಡ್ ರಿಗ್‌ಗೆ ಅಂಗೈಯಗಲದ ಬ್ಲೂಗಿಲ್ ಮೀನುಗಳು ಸಿಕ್ಕವು, ಒಂದು ಸಣ್ಣ ಲಾರ್ಜ್‌ಮೌತ್ ಸಿಕ್ಕಿತು. ಡ್ರಾಪ್ ಶಾಟ್‌ಗೆ ಮಾತ್ರ ನಾಲ್ಕು ಭಾನುವಾರ ಏನೂ ಇಲ್ಲ. ನಾನು ನಡುಗಿಸುತ್ತಲೇ ಇದ್ದೆ. ಸೀಸವೂ ಕುಣಿಯುತ್ತಿತ್ತು ಎಂದು ಅಳಿಯಂದಿರು ನೀರಿನಾಳ ತೋರಿಸುವ ದೋಣಿಯ ಪರದೆಯಲ್ಲಿ ತೋರಿಸಿದ ಮೇಲೆ ತಿಳಿಯಿತು.

ಇಂದು ಬೆಳಿಗ್ಗೆ ಗಾಳಿ ಇರಲಿಲ್ಲ. ಮುಳುಗಿದ ಕೊಂಬೆ ರಾಶಿಯ ಮೇಲೆ ದೋಣಿ ನಿಲ್ಲಿಸಿ ಸೀಸ ಇಳಿಸಿದೆ. ತಳ ಮುಟ್ಟಿತು. ದಾರ ಜೋಲು ಬಿಟ್ಟು, ಉಗುರಿನಿಂದ ರಾಡಿನ ಹಿಡಿಯನ್ನು ಎರಡೇ ಸಲ ತಟ್ಟಿದೆ. ಮತ್ತೆ ಸುಮ್ಮನೆ ಕುಳಿತೆ. ಮೊಮ್ಮಗ ಏನೋ ಕೇಳುತ್ತಿದ್ದ, ಉತ್ತರ ಕೊಡುವಷ್ಟರಲ್ಲಿ ನೀರಿನ ಮೇಲೆ ಬಳ್ಳಿಯಂತೆ ಬಿದ್ದಿದ್ದ ದಾರ ಎಡಕ್ಕೆ ಸರಿಯತೊಡಗಿತು. ಕೈಗೆ ಏನೂ ತಿಳಿದಿರಲಿಲ್ಲ, ಕಣ್ಣಿಗೆ ಮಾತ್ರ ಕಂಡಿತು. ಎಳೆಯಲಿಲ್ಲ. ರೀಲು ಸುತ್ತಿ ಒರಗಿದೆ. ರಾಡು ಹಿಡಿಯವರೆಗೂ ಬಾಗಿತು.

ಹದಿನೈದೂವರೆ ಇಂಚಿನ ಸ್ಪಾಟೆಡ್ ಬಾಸ್. ಹಸಿರು ಬೆನ್ನು, ಹೊಟ್ಟೆಯ ಬದಿಗೆ ಸಾಲು ಸಾಲು ಕರಿ ಚುಕ್ಕೆ. ಕೊಕ್ಕೆ ಮೇಲ್ದುಟಿಯ ನಟ್ಟನಡುವೆ ಇತ್ತು. ನಾಲಿಗೆಯ ಮೇಲೆ ಒರಟು ಮಚ್ಚೆ ಇದ್ದರೆ ಸ್ಪಾಟೆಡ್ ಎಂದು ಅಳಿಯಂದಿರು ಹೇಳಿದ್ದರು, ಮೊಮ್ಮಗ ಬೆರಳಿಟ್ಟು ನೋಡಿ ಇದೆ ಎಂದ. ಬಿಟ್ಟ ಕೂಡಲೇ ನೆಟ್ಟಗೆ ಕೆಳಗಿಳಿಯಿತು. ಫೋಟೋ ತೆಗೆಯಲು ಮರೆತೆವು.

ಮಿಂಚುಳ್ಳಿ, ಮಲ್ಲೇಶ್ವರ

ಸರ್, ಓದಿ ಕಣ್ಣು ತುಂಬಿತು. ಹುಳು ಯಾವ ಬಣ್ಣದ್ದು?

ನಿಧಾನ, ಜಯನಗರ

ಎಷ್ಟು ಆಳದಲ್ಲಿ ಸರ್? ಕೊಕ್ಕೆಯಿಂದ ಸೀಸಕ್ಕೆ ಎಷ್ಟು ಬಿಟ್ಟಿದ್ದಿರಿ?

ಹಳೇ ಗಾಳ, ಅಟ್ಲಾಂಟಾದಿಂದ

ಬದನೆಕಾಯಿ ಬಣ್ಣದ ಹುಳು, ನಾಲ್ಕು ಇಂಚು. ಆಳ ಏಳೂವರೆ ಮೀಟರ್. ಕೊಕ್ಕೆಯಿಂದ ಸೀಸಕ್ಕೆ ಒಂದು ಗೇಣು, ನನ್ನ ಕೈಯ ಅಳತೆಯಲ್ಲಿ.